ಜೂನ್ ತಿಂಗಳ ಹಿಮದಲ್ಲಿ ಸ್ಕೀ: ಮೌಂಟ್ ರೈನಿಯರ್‌ನ ಮ್ಯೂರ್ ಸ್ನೋಫೀಲ್ಡ್‌ಗೆ ಹೊರಡುವವರಿಗೆ

ಸಿಯಾಟಲ್ ಸುತ್ತಮುತ್ತ ಇರುವ ಕನ್ನಡದವರಲ್ಲಿ ಸ್ಕೀಯಿಂಗ್ ಕಲಿತವರು ಈಗ ಬೇಕಾದಷ್ಟು ಜನ ಇದ್ದಾರೆ. ರೆಸಾರ್ಟ್‌ಗಳ ಲಿಫ್ಟ್ ನಿಂತ ಕೂಡಲೇ ಅವರಲ್ಲಿ ಹೆಚ್ಚಿನವರು ಸ್ಕೀಗಳನ್ನು ಗ್ಯಾರೇಜಿಗೆ ಸೇರಿಸಿಬಿಡುತ್ತಾರೆ. ಆದರೆ ಬೆಟ್ಟದ ಮೇಲೆ ಹಿಮ ಇನ್ನೂ ಇರುತ್ತದೆ. ಮೇ ಕೊನೆಯಿಂದ ಜೂನ್ ಮಧ್ಯದವರೆಗೆ ಸಿಗುವ ಹಿಮ ಇದೆಯಲ್ಲ, ಸ್ಕೀ ಮಾಡುವುದಕ್ಕೆ ಅದರಷ್ಟು ಹಿತವಾದದ್ದು ಜನವರಿಯಲ್ಲೂ ಸಿಗುವುದು ಕಷ್ಟ. ದಿನ ಉದ್ದ, ಚಳಿ ಕಡಿಮೆ, ಮುಖದ ಮೇಲೆ ಬಿಸಿಲು. ಲಿಫ್ಟ್ ಇಲ್ಲ, ಹತ್ತಬೇಕಾದದ್ದು ನಮ್ಮ ಕಾಲಲ್ಲೇ.

ಈ ಲೇಖನ ಒಂದೇ ಜಾಗದ ಬಗ್ಗೆ. ಸಿಯಾಟಲ್‌ನ ಆಗ್ನೇಯಕ್ಕಿರುವ ಜ್ವಾಲಾಮುಖಿ ಮೌಂಟ್ ರೈನಿಯರ್ ಮತ್ತು ಅದರ ಸುತ್ತಲಿನ ಜಾಗ ರಾಷ್ಟ್ರೀಯ ಪಾರ್ಕ್. ಅದರ ದಕ್ಷಿಣ ಮಗ್ಗುಲಲ್ಲಿ, ಕಾರು ಹೋಗುವ ಪ್ಯಾರಡೈಸ್‌ನಿಂದ ಮೇಲಿನ ತಂಗುದಾಣ ಕ್ಯಾಂಪ್ ಮ್ಯೂರ್‌ವರೆಗಿನ ಹಿಮದ ಬಯಲು. ಪ್ಯಾರಡೈಸ್ ಇರುವುದು 5,400 ಅಡಿ ಎತ್ತರದಲ್ಲಿ, ಕ್ಯಾಂಪ್ ಮ್ಯೂರ್ ಸುಮಾರು 10,100 ಅಡಿಯಲ್ಲಿ. ಒಂದು ಕಡೆಗೆ ಸುಮಾರು 7 ಕಿಲೋಮೀಟರ್ ದಾರಿ, 1,400 ಮೀಟರ್‌ಗೂ ಜಾಸ್ತಿ ಏರು. ಕುಕ್ಕೆ ಕಡೆಯಿಂದ ಕುಮಾರಪರ್ವತ ಹತ್ತಿದವರಿಗೆ ಈ ಏರು ಎಷ್ಟು ಅಂತ ಕಾಲಿಗೆ ಗೊತ್ತಿರುತ್ತದೆ. ಅದನ್ನೇ ಕಾಲಿಗೆ ಸ್ಕೀ ಕಟ್ಟಿಕೊಂಡು, ಗಾಳಿ ತೆಳುವಾಗುತ್ತಾ ಹೋಗುವ ಕಡೆ ಮಾಡಬೇಕು.

ಪ್ಯಾರಡೈಸ್‌ನಲ್ಲಿ ವರ್ಷಕ್ಕೆ ಸರಾಸರಿ 16 ಮೀಟರ್ ಹಿಮ ಬೀಳುತ್ತದೆ. 1971–72ರ ಚಳಿಗಾಲದಲ್ಲಿ 28 ಮೀಟರ್ ದಾಟಿತ್ತು. ಹಾಗಾಗಿ ಜೂನ್ ಮೊದಲ ವಾರದಲ್ಲೂ ಸಾಮಾನ್ಯವಾಗಿ ಪಾರ್ಕಿಂಗ್ ಜಾಗದ ಅಂಚಿನಲ್ಲೇ ಸ್ಕೀ ಹಾಕಿಕೊಂಡು ಹೊರಡಬಹುದು.

ಮೊದಲು ಕಲಿತಿರಬೇಕಾದದ್ದು

ರೆಸಾರ್ಟಿನಲ್ಲಿ ನೀಲಿ ಗುರುತಿನ (ಮಧ್ಯಮ ಮಟ್ಟದ) ಇಳಿಜಾರುಗಳನ್ನು, ಹಿಮ ಗಟ್ಟಿ ಇರಲಿ ಮೆತ್ತಗಿರಲಿ, ಬೀಳದೆ ಇಳಿಯಲು ಬರಬೇಕು. ಕಪ್ಪು ಗುರುತಿನ (ಕಷ್ಟದ ಮಟ್ಟದ) ಇಳಿಜಾರುಗಳಲ್ಲಿ ಸುಲಭದವೂ ಅಭ್ಯಾಸವಿದ್ದರೆ ಒಳ್ಳೆಯದು. ಸ್ನೋಫೀಲ್ಡ್‌ನ ಬಹುಭಾಗ ಅಷ್ಟೇನೂ ಕಡಿದಾಗಿಲ್ಲ. ಆದರೆ ಸುಸ್ತಾದ ಕಾಲಲ್ಲಿ, ಬೆನ್ನಿಗೆ ಚೀಲ ಹೊತ್ತು, ಯಾರೂ ಹದ ಮಾಡಿಟ್ಟಿರದ ಹಿಮದ ಮೇಲೆ ಇಳಿಯಬೇಕಾಗುತ್ತದೆ. ಅದು ಬೇರೆಯೇ ಕೆಲಸ.

ಎರಡನೆಯದು, ಹಿಮಕುಸಿತದ ತರಬೇತಿ. ಅಮೆರಿಕದಲ್ಲಿ ಐಯರಿ ಲೆವೆಲ್ 1 ಎನ್ನುವ ಕೋರ್ಸ್ ಬಹಳ ಕಡೆ ಸಿಗುತ್ತದೆ. ಸಾಮಾನ್ಯವಾಗಿ ಮೂರು ದಿನದ್ದು, ಹೆಚ್ಚಾಗಿ ಚಳಿಗಾಲದಲ್ಲೇ ನಡೆಯುತ್ತದೆ. ಬೇಸಿಗೆಗೆ ಹೊರಡಬೇಕು ಅಂದರೆ ಡಿಸೆಂಬರ್‌ನಲ್ಲೇ ಸೇರಿಕೊಳ್ಳಿ. ಮೂರನೆಯದು, ಐಸ್ ಆಕ್ಸ್ ಹಿಡಿದು ಜಾರುತ್ತಿರುವ ದೇಹವನ್ನು ತಡೆದು ನಿಲ್ಲಿಸುವ ಅಭ್ಯಾಸ. ಇದನ್ನು ಬಲ್ಲವರ ಜೊತೆ, ಕೆಳಗೆ ಬಂಡೆಗಳಿಲ್ಲದ ಸಣ್ಣ ಇಳಿಜಾರಿನಲ್ಲಿ, ಕೈಗೆ ತಾನಾಗಿ ಬರುವವರೆಗೆ ಮಾಡಬೇಕು. ವಿಡಿಯೋ ನೋಡಿ ಬರುವಂಥದ್ದಲ್ಲ.

ಮೊದಲ ಸಲ ಹೋಗುವವರು ಈ ದಾರಿಯಲ್ಲಿ ಹಿಂದೆ ಹೋಗಿ ಬಂದವರನ್ನು ಜೊತೆಗೆ ಕರೆದುಕೊಳ್ಳಿ. ಮೂರು ಜನ ಇದ್ದರೆ ಚೆನ್ನ. ಒಬ್ಬರಿಗೆ ಪೆಟ್ಟಾದರೆ ಒಬ್ಬರು ಜೊತೆಗಿರಬಹುದು, ಇನ್ನೊಬ್ಬರು ಸಹಾಯಕ್ಕೆ ಹೋಗಬಹುದು.

ಬೇಸಿಗೆಯ ಹಿಮ ಹೇಗೆ ಕೆಲಸ ಮಾಡುತ್ತದೆ

ಇದೊಂದು ಅರ್ಥವಾದರೆ ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ಹಗಲು ಬಿಸಿಲಿಗೆ ಮೇಲಿನ ಹಿಮ ಕರಗಿ ಕಣಗಳ ನಡುವೆ ನೀರು ತುಂಬಿಕೊಳ್ಳುತ್ತದೆ. ರಾತ್ರಿ ಅದೇ ನೀರು ಹೆಪ್ಪುಗಟ್ಟಿ ಕಣಗಳನ್ನು ಬೆಸೆಯುತ್ತದೆ. ದಿನಗಟ್ಟಲೆ ಹೀಗೇ ನಡೆದಾಗ ಹಿಮ ದಪ್ಪ ದಪ್ಪ ಗುಂಡು ಕಾಳುಗಳಾಗುತ್ತದೆ. ಸ್ಕೀ ಮಾಡುವವರು ಇದನ್ನು ಕಾರ್ನ್ ಅನ್ನುತ್ತಾರೆ. ಬೆಳಗ್ಗೆ ಇದು ಕಲ್ಲಿನ ಹಾಗೆ ಗಟ್ಟಿ. ಬಿಸಿಲೇರಿದ ಮೇಲೆ ಮೇಲಿನ ಎರಡು–ಮೂರು ಸೆಂಟಿಮೀಟರ್ ಮಾತ್ರ ಸಡಿಲವಾಗುತ್ತದೆ, ಅಡಿಯ ಪದರ ಗಟ್ಟಿಯಾಗಿಯೇ ಇರುತ್ತದೆ. ಆ ಹೊತ್ತಿನಲ್ಲಿ ಸ್ಕೀ ತಾನೇ ತಾನಾಗಿ ತಿರುಗುತ್ತದೆ. ಇನ್ನೊಂದೆರಡು ಗಂಟೆ ಕಳೆದರೆ ಅಡಿಯ ಬೆಸುಗೆಯೂ ಬಿಟ್ಟುಕೊಂಡು ಕಾಲು ಹೂತುಹೋಗುತ್ತದೆ. ಕಡಿದಾದ ಕಡೆ ಒದ್ದೆ ಹಿಮ ಜಾರಿ ಬೀಳುವುದೂ ಆಗಲೇ.

ಹಾಗಾಗಿ ಈ ಇಡೀ ದಿನ ಗಡಿಯಾರದ್ದು. ಬಲ ಇರುವವರೂ ತಡವಾಗಿ ಹೊರಟರೆ ಕೆಟ್ಟ ಹಿಮದಲ್ಲಿ ಇಳಿಯುತ್ತಾರೆ. ನಿಧಾನ ನಡೆಯುವವರು ಬೇಗ ಹೊರಟರೆ ಒಳ್ಳೆಯ ಹಿಮವನ್ನೇ ಹಿಡಿಯುತ್ತಾರೆ.

ರಾತ್ರಿ ಹಿಮ ಹೆಪ್ಪುಗಟ್ಟಿತೋ ಇಲ್ಲವೋ ಎನ್ನುವುದು ಬರೀ ಗಾಳಿಯ ತಾಪಮಾನದಿಂದ ನಿರ್ಧಾರವಾಗುವುದಿಲ್ಲ. ಆಕಾಶ ಶುಭ್ರವಾಗಿದ್ದರೆ ಹಿಮ ತನ್ನ ಶಾಖವನ್ನು ಮೇಲಕ್ಕೆ ಬಿಟ್ಟುಕೊಡುತ್ತದೆ. ಆಗ ಗಾಳಿ ಸೊನ್ನೆ ಡಿಗ್ರಿಗಿಂತ ಸ್ವಲ್ಪ ಬೆಚ್ಚಗಿದ್ದರೂ ಮೇಲ್ಪದರ ಗಟ್ಟಿಯಾಗುತ್ತದೆ. ಮೋಡ ಮುಚ್ಚಿದ ರಾತ್ರಿ ಆ ಶಾಖ ಹೊರಗೆ ಹೋಗದೆ ಹಿಮ ಮೆತ್ತಗೇ ಉಳಿಯುತ್ತದೆ. ಬೆಳಗ್ಗೆ ಪಾರ್ಕಿಂಗ್ ಜಾಗದಲ್ಲೇ ಬೂಟು ಹಿಮದೊಳಗೆ ಇಳಿಯುತ್ತಿದ್ದರೆ ಹಿಂದಿನ ರಾತ್ರಿ ಹಿಮ ಗಟ್ಟಿಯಾಗಿಲ್ಲ ಎಂದೇ ಅರ್ಥ. ಆ ದಿನ ಕಡಿದಾದ ಇಳಿಜಾರು ಬೇಡ.

ಹಿಂದಿನ ಎರಡು ದಿನ

ಸಿಯಾಟಲ್‌ನ ರಾಷ್ಟ್ರೀಯ ಹವಾಮಾನ ಸೇವೆಯ ಕಚೇರಿ ಮೌಂಟ್ ರೈನಿಯರ್‌ಗೆಂದೇ ಒಂದು ಮುನ್ಸೂಚನೆ ಕೊಡುತ್ತದೆ. ಶಿಖರ, ಕ್ಯಾಂಪ್ ಮ್ಯೂರ್, ಪ್ಯಾರಡೈಸ್ ಹೀಗೆ ಬೇರೆ ಬೇರೆ ಎತ್ತರದ ತಾಪಮಾನ, ಗಾಳಿ ಮತ್ತು ಹೆಪ್ಪುಗಟ್ಟುವ ಎತ್ತರ (ತಾಪಮಾನ ಸೊನ್ನೆ ಡಿಗ್ರಿಗೆ ಇಳಿಯುವ ಎತ್ತರ) ಅದರಲ್ಲಿ ಇರುತ್ತದೆ. ಫೋನಿನ ಹವಾಮಾನ ಆ್ಯಪ್ ನಂಬಬೇಡಿ. ಅದು ಹೆಚ್ಚಾಗಿ ಕೆಳಗಿನ ಊರಿನ ಬಿಸಿಲನ್ನು ಹೇಳುತ್ತದೆ.

ನಾರ್ತ್‌ವೆಸ್ಟ್ ಅವಲಾಂಚ್ ಸೆಂಟರ್‌ನ ದಿನನಿತ್ಯದ ಹಿಮಕುಸಿತ ಮುನ್ಸೂಚನೆ ವಸಂತಕಾಲದಲ್ಲೇ ನಿಂತುಹೋಗುತ್ತದೆ. ಜೂನ್‌ನಲ್ಲಿ ಅಪಾಯ ಎಷ್ಟು ಎಂದು ಬಣ್ಣದಲ್ಲಿ ತೋರಿಸುವವರು ಯಾರೂ ಇರುವುದಿಲ್ಲ. ಆ ಅಂದಾಜು ನಾವೇ ಮಾಡಬೇಕು. ಪ್ಯಾರಡೈಸ್ ಮತ್ತು ಕ್ಯಾಂಪ್ ಮ್ಯೂರ್‌ನ ಹವಾಮಾನ ಉಪಕರಣಗಳ ಅಂಕಿಗಳನ್ನು ಅದೇ ಸಂಸ್ಥೆಯ ತಾಣದಲ್ಲಿ ನೋಡಬಹುದು. ಹಿಂದಿನ ರಾತ್ರಿಗಳು ಎಷ್ಟು ತಣ್ಣಗಿದ್ದವು, ಮೇಲೆ ಗಾಳಿ ಎಷ್ಟು ಬೀಸಿತು ಎಂದು ಅದರಿಂದ ಗೊತ್ತಾಗುತ್ತದೆ. ಇನ್ನೊಂದು ಮಾತು. ಈ ಬೆಟ್ಟದ ಮೇಲೆ ಜೂನ್‌ನಲ್ಲೂ ಹೊಸ ಹಿಮ ಬೀಳುತ್ತದೆ. ಬಿದ್ದ ಮಾರನೇ ದಿನ ಬಿಸಿಲು ಬಂತು ಅಂತ ಓಡಿಹೋಗಬೇಡಿ. ಹೊಸ ಹಿಮದ ಮೇಲೆ ಮೊದಲ ಜೋರು ಬಿಸಿಲು ಬೀಳುವ ದಿನವೇ ಅದು ಜಾರುವುದು ಜಾಸ್ತಿ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವುದು ಎರಡು–ಮೂರು ಸಲ ಆಗಲಿ.

ಹೆಪ್ಪುಗಟ್ಟುವ ಎತ್ತರ ರಾತ್ರಿಯಲ್ಲಿ 8,000–9,000 ಅಡಿಯ ಆಸುಪಾಸು, ಆಕಾಶ ಶುಭ್ರ, ಬೆಳಗ್ಗೆ ಗಾಳಿ ಕಡಿಮೆ. ಇಂಥ ದಿನ ಸಿಕ್ಕರೆ ರಜೆ ಹಾಕಿ ಹೋಗಿ. ಶನಿವಾರವೇ ಬೇಕು ಅಂತ ಹಟ ಹಿಡಿದರೆ ಕೆಟ್ಟ ದಿನದಲ್ಲಿ ಹೋಗುವ ಸಾಧ್ಯತೆ ಹೆಚ್ಚು.

ಕ್ಯಾಂಪ್ ಮ್ಯೂರ್‌ಗೆ ಹೋಗಿ ಅದೇ ದಿನ ಇಳಿದು ಬರುವವರಿಗೆ ಹತ್ತುವ ಪರವಾನಗಿ ಬೇಡ. ರಾತ್ರಿ ಉಳಿಯುವುದಿದ್ದರೆ, ಅಲ್ಲಿಂದ ಮೇಲೆ ಅಥವಾ ಹಿಮನದಿಗಳ ಮೇಲೆ ಹೋಗುವುದಿದ್ದರೆ ಬೇಕು. ಪಾರ್ಕಿನ ಪ್ರವೇಶ ಶುಲ್ಕ ಎಲ್ಲರಿಗೂ ಇದೆ. ರಸ್ತೆ ಯಾವ ಹೊತ್ತಿಗೆ ತೆರೆದಿರುತ್ತದೆ, ಮೊದಲೇ ಕಾಯ್ದಿರಿಸಬೇಕೇ ಎನ್ನುವ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಹೊರಡುವ ಹಿಂದಿನ ದಿನ ಪಾರ್ಕಿನ ಅಧಿಕೃತ ತಾಣ ನೋಡಿ.

ಚೀಲದಲ್ಲಿ ಏನಿರಬೇಕು

ಹತ್ತುವಾಗ ಹಿಮ್ಮಡಿ ಮೇಲೇಳುವ ಟೂರಿಂಗ್ ಸ್ಕೀ ಮತ್ತು ಬೂಟು, ಹತ್ತುವಾಗ ಹಿಂದಕ್ಕೆ ಜಾರದಂತೆ ಸ್ಕೀ ಅಡಿಗೆ ಅಂಟಿಸುವ ಸ್ಕಿನ್, ಗಟ್ಟಿ ಹಿಮವನ್ನು ಕಚ್ಚಿ ಹಿಡಿಯುವ ಲೋಹದ ಹಲ್ಲುಗಳ ಸ್ಕೀ ಕ್ರ್ಯಾಂಪಾನ್. ಇದರ ಜೊತೆ ಬೂಟಿಗೆ ಹಾಕುವ ಕ್ರ್ಯಾಂಪಾನ್, ಐಸ್ ಆಕ್ಸ್, ಹೆಲ್ಮೆಟ್. ಬೀಕನ್ (ಹಿಮದಡಿ ಸಿಕ್ಕವರನ್ನು ಹುಡುಕುವ ರೇಡಿಯೋ ಸಾಧನ), ಸಲಿಕೆ, ಪ್ರೋಬ್ (ಹಿಮದೊಳಗೆ ಚುಚ್ಚಿ ನೋಡುವ ಉದ್ದನೆಯ ಕೋಲು) ಮೂರೂ ಪ್ರತಿಯೊಬ್ಬರ ಬಳಿ ಇರಬೇಕು. ಬೇಸಿಗೆ ಅಂತ ಮನೆಯಲ್ಲಿ ಬಿಡಬೇಡಿ. ಹಿಮದಡಿ ಸಿಕ್ಕಿದವರು ಬದುಕುವುದು ಹೆಚ್ಚಾಗಿ ಮೊದಲ ಹತ್ತು–ಹದಿನೈದು ನಿಮಿಷದಲ್ಲಿ ತೆಗೆದರೆ ಮಾತ್ರ. ಅಷ್ಟರೊಳಗೆ ಹುಡುಕಿ ತೆಗೆಯಬಲ್ಲವರು ಜೊತೆಯಲ್ಲಿ ಬಂದವರೇ.

ಜೂನ್‌ನಲ್ಲಿ ಸ್ಕೀ ಕ್ರ್ಯಾಂಪಾನ್ ಬೇಡ ಎನ್ನುವವರು ಸಿಗುತ್ತಾರೆ. ಬೆಳಗ್ಗೆ ಆರೂವರೆಗೆ ಗಟ್ಟಿ ಇಳಿಜಾರಿನ ಮಧ್ಯೆ ಸ್ಕಿನ್ ಜಾರತೊಡಗಿದಾಗ ಅದರ ಬೆಲೆ ತಿಳಿಯುತ್ತದೆ. ದಯವಿಟ್ಟು ತೆಗೆದುಕೊಳ್ಳಿ.

ಬಿಸಿಲಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಪ್ರತಿ ಸಾವಿರ ಮೀಟರ್ ಏರಿದಂತೆ ಅತಿನೇರಳೆ ಕಿರಣ ಸುಮಾರು 10 ಶೇಕಡಾ ಹೆಚ್ಚುತ್ತದೆ. ಹೊಸ ಹಿಮ ಅದರಲ್ಲಿ 80 ಶೇಕಡಾದವರೆಗೂ ತಿರುಗಿ ಎಸೆಯುತ್ತದೆ. ನಮ್ಮ ಚರ್ಮ ಕಪ್ಪು, ನಮಗೇನೂ ಆಗುವುದಿಲ್ಲ ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಬಿಸಿಲು ಕೆಳಗಿನಿಂದಲೂ ಬರುತ್ತದೆ. ಗಲ್ಲದ ಅಡಿ, ಮೂಗಿನ ಹೊಳ್ಳೆಯ ಒಳಗೆ, ಕಿವಿಯ ಹಿಂದೆ, ತುಟಿಗೆ ಸನ್‌ಸ್ಕ್ರೀನ್ ಹಚ್ಚಿ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಬದಿಯಿಂದ ಬೆಳಕು ನುಗ್ಗದಂತೆ ಮುಚ್ಚುವ ಕಪ್ಪು ಕನ್ನಡಕ ಇರಲೇಬೇಕು. ಗುಂಪಿಗೆ ಒಂದು ಜೊತೆ ಹೆಚ್ಚುವರಿ ಇರಲಿ. ಕನ್ನಡಕ ಕಳೆದುಕೊಂಡು ಇಡೀ ದಿನ ಹಿಮ ನೋಡಿದವರಿಗೆ ರಾತ್ರಿ ಕಣ್ಣಿಗೆ ಮರಳು ಹೊಕ್ಕಂತೆ ಉರಿ ಶುರುವಾಗುತ್ತದೆ. ಅದು ಕಣ್ಣಿನ ಮೇಲ್ಪದರ ಸುಟ್ಟದ್ದರ ನೋವು.

ಬಟ್ಟೆ ಪದರ ಪದರವಾಗಿರಲಿ, ಹತ್ತಿ ಬಟ್ಟೆ ಬೇಡ. ನೀರು ಮೂರು ಲೀಟರ್. ಊಟಕ್ಕೆ ಚಪಾತಿ ಸುರುಳಿ ಚೆನ್ನಾಗಿ ಹೊಂದುತ್ತದೆ, ಕೈಗವಸು ಹಾಕಿಕೊಂಡೇ ತಿನ್ನಬಹುದು. ಚಿಕ್ಕಿ, ಖರ್ಜೂರ, ಕೋಡುಬಳೆ ಜೇಬಿನಲ್ಲಿರಲಿ. ಗಂಟೆಗೊಮ್ಮೆ ಸ್ವಲ್ಪ ತಿನ್ನಿ, ಹಸಿವಿಗೆ ಕಾಯಬೇಡಿ. ಚಿತ್ರಾನ್ನ ಪುಳಿಯೋಗರೆಯನ್ನು ಕಾರಿನಲ್ಲೇ ಬಿಟ್ಟು ಹೋಗಿ, ಇಳಿದು ಬಂದ ಮೇಲೆ ತಿನ್ನಲು ಅವೇ ಚೆನ್ನ.

ಹಾದಿಯ ನಕ್ಷೆಯನ್ನು ಫೋನಿನಲ್ಲಿ ಮೊದಲೇ ಇಳಿಸಿಕೊಂಡಿರಿ. ಪಾರ್ಕಿನವರು ಮ್ಯೂರ್ ಸ್ನೋಫೀಲ್ಡ್‌ನ ದಿಕ್ಸೂಚಿ ಕೋನಗಳಿರುವ ಒಂದು ನಕ್ಷೆ ಕೊಟ್ಟಿದ್ದಾರೆ. ಅದನ್ನು ಕಾಗದದಲ್ಲಿ ಮುದ್ರಿಸಿ, ದಿಕ್ಸೂಚಿಯ ಜೊತೆಗೆ ಇಟ್ಟುಕೊಳ್ಳಿ. ಫೋನ್ ಸಿಗ್ನಲ್ ನಂಬುವ ಹಾಗಿಲ್ಲ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಗುಂಪಿಗೆ ಒಂದಾದರೂ ಇರಲಿ.

ಬೆಳಗಿನ ಜಾವ ಮತ್ತು ಹತ್ತುವ ದಾರಿ

ಸಿಯಾಟಲ್‌ನಿಂದ ಪ್ಯಾರಡೈಸ್‌ಗೆ ಸುಮಾರು ಎರಡೂವರೆ ಗಂಟೆಯ ದಾರಿ. ಜೂನ್‌ನಲ್ಲಿ ಸೂರ್ಯ ಐದೂಕಾಲರ ಹೊತ್ತಿಗೆ ಹುಟ್ಟುತ್ತಾನೆ. ಆರು ಗಂಟೆಗೆ ಸ್ಕೀ ಮೇಲೆ ನಿಂತಿರಬೇಕು ಅಂದರೆ ಮೂರಕ್ಕೆ ಮನೆ ಬಿಡಬೇಕು. ಇದು ಕಷ್ಟ ಅನ್ನಿಸಿದರೆ ಹಿಂದಿನ ರಾತ್ರಿ ಆಶ್‌ಫೋರ್ಡ್‌ನಲ್ಲಿ ಉಳಿಯಿರಿ. ಅಲ್ಲಿಂದ ನಿಸ್ಕ್ವಾಲಿ ಪ್ರವೇಶದ್ವಾರ ಹತ್ತಿರ.

ಹೊರಡುವ ಮೊದಲು ಎಲ್ಲರ ಬೀಕನ್ ಕೆಲಸ ಮಾಡುತ್ತಿದೆಯೇ ಎಂದು ಒಬ್ಬರಿಗೊಬ್ಬರು ಪರೀಕ್ಷಿಸಿ. ತಿರುಗಿ ಇಳಿಯುವ ಗಂಟೆಯನ್ನು ಅಲ್ಲೇ ಎಲ್ಲರೂ ಸೇರಿ ಗೊತ್ತುಮಾಡಿ. ಮೇಲೆ ಹೋದ ಮೇಲೆ ಆ ಮಾತು ಎತ್ತಿದರೆ ಕ್ಯಾಂಪ್ ಕಣ್ಣೆದುರೇ ಕಾಣುತ್ತಿರುತ್ತದೆ, ಯಾರಿಗೂ ಹಿಂದಿರುಗುವ ಮನಸ್ಸು ಬರುವುದಿಲ್ಲ. ನನ್ನ ಸಲಹೆ, ಎಲ್ಲಿದ್ದರೂ ಸರಿ, ಮಧ್ಯಾಹ್ನ ಹನ್ನೆರಡಕ್ಕೆ ಇಳಿಯಲು ಶುರು. ಬಿಸಿ ಜಾಸ್ತಿ ಇರುವ ದಿನ ಹನ್ನೊಂದಕ್ಕೇ.

ಮೊದಲ ಒಂದು ಗಂಟೆ ಮೆಲ್ಲಗೆ. ಸ್ಕೀಯನ್ನು ಎತ್ತಬೇಡಿ, ಹಿಮದ ಮೇಲೆಯೇ ಮುಂದಕ್ಕೆ ಎಳೆಯಿರಿ. ಮಾತಾಡುತ್ತಾ ಹತ್ತಲು ಆಗದಿದ್ದರೆ ನೀವು ಜೋರಾಗಿ ಹೋಗುತ್ತಿದ್ದೀರಿ. ಗಂಟೆಗೆ ಮುನ್ನೂರು ಮೀಟರ್ ಏರಿದರೆ ಸಾಕು, ಐದು ಗಂಟೆಯೊಳಗೆ ಕ್ಯಾಂಪ್ ಮುಟ್ಟಬಹುದು.

ಪ್ಯಾರಡೈಸ್‌ನ ಮೇಲೆ 6,800 ಅಡಿಯ ಹತ್ತಿರ ಪನೋರಮಾ ಪಾಯಿಂಟ್ ಇದೆ. ಇಡೀ ದಾರಿಯ ಕಡಿದಾದ ಭಾಗ ಅದರ ಕೆಳಗಿನ ಇಳಿಜಾರು. ಬೆಳಗ್ಗೆ ಇದು ಗಟ್ಟಿ, ಮಧ್ಯಾಹ್ನ ಒದ್ದೆ. ಇಳಿಜಾರಿನ ಬುಡದ ಸಮತಟ್ಟಿನಲ್ಲೇ ನಿಂತು ಸ್ಕೀ ಕ್ರ್ಯಾಂಪಾನ್ ಹಾಕಿಕೊಳ್ಳಿ. ಅರ್ಧ ಹತ್ತಿದ ಮೇಲೆ ಹಾಕಲು ಹೋಗುವುದು ಅಪಾಯ. ಅಷ್ಟಕ್ಕೂ ಹೆದರಿಕೆ ಅನ್ನಿಸಿದರೆ ಸ್ಕೀಯನ್ನು ಚೀಲಕ್ಕೆ ಕಟ್ಟಿ, ಬೂಟಿನ ಕ್ರ್ಯಾಂಪಾನ್ ಹಾಕಿ, ಐಸ್ ಆಕ್ಸ್ ಹಿಡಿದು ನಡೆದು ಹತ್ತಿ. ಅದರಲ್ಲಿ ಯಾವ ಕೊರತೆಯೂ ಇಲ್ಲ.

7,200 ಅಡಿಯ ಹತ್ತಿರ ಪೆಬಲ್ ಕ್ರೀಕ್. ಜೂನ್ ಮುಂದುವರಿದಂತೆ ತೊರೆಯ ಮೇಲಿನ ಹಿಮ ಅಡಿಯಿಂದ ಕರಗಿ ತೆಳುವಾಗುತ್ತದೆ. ನೀರಿನ ಸದ್ದು ಕೇಳಿದರೆ, ಹಿಮ ತಗ್ಗಾಗಿ ಕಂಡರೆ ಬಳಸಿಕೊಂಡು ಹೋಗಿ. ಬಂಡೆಗಳ ಪಕ್ಕದಲ್ಲೂ ಹಾಗೇ. ಬಿಸಿಯಾದ ಬಂಡೆ ಸುತ್ತಲಿನ ಹಿಮವನ್ನು ಕರಗಿಸಿ ಒಳಗೆ ಪೊಳ್ಳು ಮಾಡಿರುತ್ತದೆ. ಹುಲ್ಲು, ಹೂಗಿಡ ಕಾಣುವಷ್ಟು ಹಿಮ ಕರಗಿರುವ ಕಡೆ ಕಾಲಿಡಬೇಡಿ. ಅಲ್ಲಿ ಬೆಳೆಯುವ ಕಾಲ ಬಹಳ ಚಿಕ್ಕದು, ತುಳಿದ ಗಿಡ ಚೇತರಿಸಿಕೊಳ್ಳಲು ವರ್ಷಗಳೇ ಬೇಕು.

ಇಲ್ಲಿಂದ ಮೇಲೆ ಸ್ನೋಫೀಲ್ಡ್. ತೆರೆದ, ಉದ್ದನೆಯ, ಮುಗಿಯದ ಏರು. ಕ್ಯಾಂಪ್ ಹತ್ತಿರವೇ ಇದೆ ಅನ್ನಿಸುತ್ತದೆ, ಆದರೆ ಬೇಗ ಬರುವುದಿಲ್ಲ. ಒಂಬತ್ತು ಸಾವಿರ ಅಡಿ ದಾಟಿದ ಮೇಲೆ ತಲೆನೋವು, ಹೊಟ್ಟೆ ತೊಳಸುವುದು ಆಗಬಹುದು. ಬೆಳಗ್ಗೆ ಸಮುದ್ರಮಟ್ಟದಲ್ಲಿದ್ದವರು ಒಂದೇ ದಿನ ಮೂರು ಸಾವಿರ ಮೀಟರ್ ಏರಿದ್ದೀರಿ, ಅಲ್ವಾ? ನೀರು ಕುಡಿದು ನಿಧಾನ ಮಾಡಿ. ಕಡಿಮೆಯಾಗದಿದ್ದರೆ ಇಳಿಯುವುದೇ ಔಷಧಿ.

ಕ್ಯಾಂಪ್ ಮ್ಯೂರ್‌ನಲ್ಲಿ 1921ರಲ್ಲಿ ಕಟ್ಟಿದ ಕಲ್ಲಿನ ಆಸರೆಮನೆ ಇದೆ. ಶೌಚಾಲಯವೂ ಇದೆ. 1888ರಲ್ಲಿ ಶಿಖರಕ್ಕೆ ಹೋಗುತ್ತಿದ್ದ ಪ್ರಕೃತಿವಾದಿ ಲೇಖಕ ಜಾನ್ ಮ್ಯೂರ್ ಇಲ್ಲಿ ನೆಲದ ಮೇಲೆ ಹಗುರವಾದ ಪ್ಯೂಮಿಸ್ ಕಲ್ಲು ಉಳಿದಿರುವುದನ್ನು ನೋಡಿ, ಇಲ್ಲಿ ಗಾಳಿ ಕಡಿಮೆ ಇರಬೇಕು ಎಂದು ತಂಗಲು ಈ ಜಾಗವನ್ನು ಸೂಚಿಸಿದರು. ಹೆಸರು ಹಾಗೆ ಬಂತು. ಆದರೂ ಇಲ್ಲಿ ಗಾಳಿ ಜೋರಾಗಿಯೇ ಬೀಸುವುದುಂಟು. ತಲುಪಿದ ಕೂಡಲೇ ಜಾಕೆಟ್ ಹಾಕಿಕೊಳ್ಳಿ.

ಇಳಿಯುವ ಹೊತ್ತು

ಇಳಿಯಲು ಸರಿಯಾದ ಹೊತ್ತು ಯಾವುದು? ಈ ದಾರಿಯಲ್ಲಿ ಇದಕ್ಕೆ ಒಂದೇ ಉತ್ತರ ಇಲ್ಲ. ಮೇಲೆ ಹತ್ತು ಸಾವಿರ ಅಡಿಯಲ್ಲಿ ಹಿಮ ಹದಕ್ಕೆ ಬರುವಷ್ಟರಲ್ಲಿ ಕೆಳಗೆ ಏಳು ಸಾವಿರದಲ್ಲಿ ಆಗಲೇ ಹದ ಮೀರಿರುತ್ತದೆ. ತಾಪಮಾನ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ವ್ಯತ್ಯಾಸವಾಗುತ್ತದೆ. ಮೇಲಿನ ಹಿಮ ಪೂರ್ತಿ ಮೆತ್ತಗಾಗಲಿ ಎಂದು ಕಾದು ಕುಳಿತವರು ಪನೋರಮಾ ಪಾಯಿಂಟ್‌ನ ಕಡಿದಾದ ಭಾಗವನ್ನು ಅದರ ಕೆಟ್ಟ ಹೊತ್ತಿನಲ್ಲಿ ದಾಟಬೇಕಾಗುತ್ತದೆ. ಆದ್ದರಿಂದ ಮೇಲೆ ಇನ್ನೂ ಸ್ವಲ್ಪ ಗಟ್ಟಿ ಇರುವಾಗಲೇ ಹೊರಡಿ. ಮೊದಲ ಸಾವಿರ ಅಡಿ ಸ್ಕೀ ಕರಕರ ಅನ್ನಲಿ, ಪರವಾಗಿಲ್ಲ. ಅಲ್ಲಿ ಇಳಿಜಾರು ಕಡಿಮೆ. ನಡುವಿನ ಭಾಗ ಅತ್ಯುತ್ತಮ ಹದದಲ್ಲಿ ಸಿಗುತ್ತದೆ, ಕೆಳಗಿನ ಭಾಗ ಇನ್ನೂ ಕೈಮೀರಿರುವುದಿಲ್ಲ.

ಸ್ಕೀ ಕೋಲಿನಿಂದ ಹಿಮವನ್ನು ಚುಚ್ಚಿ ನೋಡುತ್ತಿರಿ. ಬೂಟು ಕಣಕಾಲಿನವರೆಗೆ ಇಳಿಯತೊಡಗಿದರೆ, ಸ್ಕೀ ತಾಗಿದ ಕಡೆಯಿಂದ ಹಿಮದ ಉಂಡೆಗಳು ಉರುಳುತ್ತಾ ಚಕ್ರಗಳಾಗಿ ಬೆಳೆಯತೊಡಗಿದರೆ ಹದ ಮೀರಿದೆ. ಕಡಿದಾದ ಕಡೆಗಳನ್ನು ಬಿಟ್ಟು, ಮೆಲ್ಲನೆಯ ಏಣಿನ ಮೇಲೆ ಇಳಿಯಿರಿ. ಕಡಿದಾದ ತುಂಡನ್ನು ಒಬ್ಬೊಬ್ಬರಾಗಿ ದಾಟಿ. ಉಳಿದವರು ಮೇಲೆ ಸುರಕ್ಷಿತ ಜಾಗದಲ್ಲಿ ನಿಂತು ನೋಡುತ್ತಿರಲಿ. ಕೆಳಗಿನಿಂದ ಹತ್ತಿ ಬರುತ್ತಿರುವ ಜನ ಬಹಳ ಇರುತ್ತಾರೆ, ಅವರ ನೇರ ಮೇಲೆ ತಿರುಗಬೇಡಿ.

ಮೋಡ ಬಂದರೆ

ಮ್ಯೂರ್ ಸ್ನೋಫೀಲ್ಡ್‌ನ ನಿಜವಾದ ಅಪಾಯ ಇದೇ. ಈ ಬೆಟ್ಟ ತನ್ನ ಹವಾಮಾನವನ್ನು ತಾನೇ ಮಾಡಿಕೊಳ್ಳುತ್ತದೆ. ಅರ್ಧ ಗಂಟೆಯಲ್ಲಿ ಬಿಸಿಲು ಹೋಗಿ ಹಿಮವೂ ಆಕಾಶವೂ ಒಂದೇ ಬಿಳಿ ಆಗಿಬಿಡಬಹುದು. ಆಗ ಮೇಲೆ ಯಾವುದು, ಕೆಳಗೆ ಯಾವುದು ಗೊತ್ತಾಗುವುದಿಲ್ಲ. ನಿಂತಿದ್ದೇವೋ ಜಾರುತ್ತಿದ್ದೇವೋ ಅದೂ ತಿಳಿಯದು. ಇಳಿಯುವಾಗ ಎಡಕ್ಕೆ ಸರಿದರೆ ಪ್ಯಾರಡೈಸ್ ಹಿಮನದಿಯ ಬಿರುಕುಗಳು. ಬಲಕ್ಕೆ ಸರಿದರೆ ನಿಸ್ಕ್ವಾಲಿ ಹಿಮನದಿಯ ಮೇಲಿನ ಕಡಿದಾದ ಅಂಚು. ಹೀಗೆ ದಾರಿ ತಪ್ಪಿ ಜೀವ ಕಳೆದುಕೊಂಡವರು ಇದ್ದಾರೆ, ಅನುಭವ ಇದ್ದವರೂ.

ಶಿಖರದ ಮೇಲೆ ಟೋಪಿಯಂಥ ಮೋಡ ಕೂತರೆ ಹವಾಮಾನ ಬದಲಾಗುವ ಸೂಚನೆ ಎಂದು ತಿಳಿಯಿರಿ. ಕಣಿವೆಯಿಂದ ಮೋಡ ಮೇಲೇರುತ್ತಿದ್ದರೆ ಅದು ನಿಮ್ಮನ್ನು ಮುಟ್ಟುವ ಮೊದಲೇ ಇಳಿಯಿರಿ, ಕ್ಯಾಂಪ್ ತಲುಪದಿದ್ದರೂ ಸರಿ. ಮೋಡದೊಳಗೆ ಸಿಕ್ಕಿಬಿದ್ದರೆ ಸುಮ್ನೆ ಅಂದಾಜಿನ ಮೇಲೆ ಇಳಿಯಬೇಡಿ. ಎಲ್ಲರೂ ಒಟ್ಟಿಗೆ ಸೇರಿ. ಹತ್ತುವಾಗ ಜಿಪಿಎಸ್‌ನಲ್ಲಿ ದಾಖಲಾದ ನಿಮ್ಮದೇ ಗೆರೆಯನ್ನು ತೆರೆಯಿರಿ, ಅದನ್ನೇ ಹಿಡಿದು ಒಬ್ಬರ ಹಿಂದೊಬ್ಬರು ನಿಧಾನವಾಗಿ ಬನ್ನಿ. ಪ್ರತಿ ಐವತ್ತು–ನೂರು ಮೀಟರಿಗೆ ನಿಂತು ನೋಡಿ. ಸ್ಕೀ ಮೇಲೆ ದಿಕ್ಕು ತಪ್ಪುವುದು ಕಾಲ್ನಡಿಗೆಗಿಂತ ವೇಗ, ಬೇಕಾದರೆ ಸ್ಕೀ ತೆಗೆದು ನಡೆಯಿರಿ. ಇನ್ನೂ ಕ್ಯಾಂಪಿನಲ್ಲೇ ಇದ್ದೀರಿ, ಹೊರಗೆ ಏನೂ ಕಾಣುತ್ತಿಲ್ಲ ಎಂದಾದರೆ ಆಸರೆಮನೆಯಲ್ಲೇ ಕಾಯಿರಿ. ಇದಕ್ಕೇ ಚೀಲದಲ್ಲಿ ಒಂದು ದಪ್ಪ ಜಾಕೆಟ್, ತಲೆದೀಪ, ಒಂದು ಹೊತ್ತಿನ ಹೆಚ್ಚುವರಿ ಊಟ ಇರಬೇಕು. ಸೋಮವಾರದ ಮೀಟಿಂಗ್ ತಪ್ಪಿದರೆ ತಪ್ಪಲಿ. ಕೆಳಗೆ ಇರುವ ಮನೆಯವರಿಗೂ ಮೊದಲೇ ಹೇಳಿಟ್ಟಿರಿ: ಇಷ್ಟು ಗಂಟೆಯೊಳಗೆ ಸುದ್ದಿ ಬರದಿದ್ದರೆ ಮಾತ್ರ 911ಕ್ಕೆ ಕರೆ ಮಾಡಿ ಎಂದು.

ಮನೆಗೆ ಬಂದ ಮೇಲೆ, ಮುಂದಿನ ಸಲಕ್ಕೆ

ಸ್ಕಿನ್‌ಗಳನ್ನು ಬಿಸಿಲಿಗೂ ಹೀಟರಿಗೂ ಹತ್ತಿರ ಇಡದೆ ನೆರಳಲ್ಲಿ ಒಣಗಿಸಿ, ಇಲ್ಲದಿದ್ದರೆ ಅಂಟು ಹಾಳಾಗುತ್ತದೆ. ಜೂನ್‌ನ ಹಿಮದಲ್ಲಿ ಪರಾಗ, ಧೂಳು ಜಾಸ್ತಿ. ಸ್ಕೀಯ ಅಡಿ ಒರೆಸಿ, ಬೆಚ್ಚಗಿನ ಹಿಮಕ್ಕೆ ಹೊಂದುವ ಮೇಣ ಹಚ್ಚಿಡಿ.

ಇಲ್ಲಿ ಅಭ್ಯಾಸವಾದ ಮೇಲೆ ದಕ್ಷಿಣಕ್ಕೆ ಇನ್ನೆರಡು ಜ್ವಾಲಾಮುಖಿಗಳಿವೆ. ಮೌಂಟ್ ಸೇಂಟ್ ಹೆಲೆನ್ಸ್ ಚಿಕ್ಕದು, ಆದರೆ ಏಪ್ರಿಲ್ 1ರಿಂದ ಅಕ್ಟೋಬರ್ 31ರವರೆಗೆ 4,800 ಅಡಿಯಿಂದ ಮೇಲೆ ಪರವಾನಗಿ ಬೇಕು, ಸಂಖ್ಯೆಯೂ ಸೀಮಿತ. ಅದರ ತುದಿಯಲ್ಲಿ ಬಾಯಿಯ ಒಳಕ್ಕೆ ಚಾಚಿದ ಹಿಮದ ಚಾವಣಿ ಇರುತ್ತದೆ, ಅಂಚಿನಿಂದ ತುಂಬಾ ದೂರವೇ ನಿಲ್ಲಬೇಕು. ಮೌಂಟ್ ಆಡಮ್ಸ್ 12,276 ಅಡಿ. ಅದರ ನೈಋತ್ಯ ಮಗ್ಗುಲಿನ ಉದ್ದ ಇಳಿಜಾರುಗಳು ಜೂನ್‌ನಲ್ಲಿ ಬಹಳ ಸೊಗಸು, ಆದರೆ ಮ್ಯೂರ್‌ಗಿಂತ ಕಡಿದು. ಆಡಮ್ಸ್‌ಗೆ ಹೊರಡುವ ಮೊದಲು ಟ್ರೌಟ್ ಲೇಕ್‌ನ ರೇಂಜರ್ ಕಚೇರಿಗೆ ಫೋನ್ ಮಾಡಿ ಕೋಲ್ಡ್ ಸ್ಪ್ರಿಂಗ್ಸ್‌ವರೆಗಿನ ರಸ್ತೆ ತೆರೆದಿದೆಯೇ ಕೇಳಿ. ಜೂನ್ ಮಧ್ಯದವರೆಗೂ ಅದು ಹಿಮದಲ್ಲಿ ಮುಚ್ಚಿರುವುದುಂಟು. ಆಗ ಕಾರು ನಿಲ್ಲಿಸಿದ ಕಡೆಯಿಂದಲೇ ನಡಿಗೆ ಶುರುವಾಗುತ್ತದೆ, ಹೊರಡುವ ಗಂಟೆಯನ್ನು ಅಷ್ಟು ಹಿಂದಕ್ಕೆ ಹಾಕಿಕೊಳ್ಳಬೇಕು.